ಚನ್ನಲಿಂಗಪ್ಪನವರ ಅರಗಿನ ಮುದ್ರೆ

ಚನ್ನಲಿಂಗಪ್ಪನವರು ಯಾರಿಗೂ ಬೆನ್ನು ಕೊಟ್ಟು ನಡೆದವರಲ್ಲ. ಮದುವೆ ಮನೆಯಿರಲಿ, ಬ್ಯಾಂಕಿರಲಿ, ಮಾಗಡಿ ಬಸ್ ನಿಲ್ದಾಣದ ನೂಕುನುಗ್ಗಲೇ ಇರಲಿ, ಬಾಗಿಲ ಬಳಿ ಬಂದೊಡನೆ ಅರ್ಧ ಹೆಜ್ಜೆ ಹಿಂದೆ ಸರಿದು, ಬಲಗೈ ಮುಂದೆ ಚಾಚಿ, ‘ನಡೀರಿ, ನೀವು ಮೊದ್ಲು’ ಎನ್ನುವರು. ಹೊಸಬರು ಇದನ್ನು ಹಳೆಯ ಕಾಲದ ಸೌಜನ್ಯವೆಂದು ತಿಳಿದು ಪುಲಕಿತರಾಗುತ್ತಿದ್ದರು. ಎಂಥ ವಿನಯ, ಎಂಥ ಸಂಸ್ಕಾರ ಎಂದು ಮನೆಗೆ ಹೋಗಿ ಹೆಂಡತಿ ಮಕ್ಕಳ ಮುಂದೆ ಹೊಗಳಿದವರೂ ಉಂಟು. ಒಳಗುಟ್ಟು ತಿಳಿದಿದ್ದುದು ಅವರ ಪತ್ನಿ ವಿಮಲಮ್ಮನವರೊಬ್ಬರಿಗೆ. ಮುಂದೆ ನಡೆಯುವವನ ಎರಡು ಕೈಯೂ ಹಿಂದಿನವನ ಕಣ್ಣಿಗೆ ಬೀಳುತ್ತವೆ, ಹಿಂದಿನವನ ಕೈ ಮುಂದಿನವನಿಗೆ ಕಾಣುವುದಿಲ್ಲ ಎಂಬ ಸರಳ ಸತ್ಯದ ಮೇಲೆ ಚನ್ನಲಿಂಗಪ್ಪನವರು ತಮ್ಮ ಇಡೀ ನಡಿಗೆಯನ್ನು ಕಟ್ಟಿಕೊಂಡಿದ್ದರು. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನೂ ಮುಂದೆ ಬಿಟ್ಟುಕೊಂಡೇ ನಡೆದರಂತೆ, ಅದನ್ನು ಕಂಡು ಬೀದಿಯ ಹೆಂಗಸರೆಲ್ಲ ಹೊಟ್ಟೆಕಿಚ್ಚುಪಟ್ಟರಂತೆ.

ಆರಡಿಗೆ ಎರಡೇ ಬೆರಳು ಕಡಮೆಯ ಎತ್ತರ, ಹಣೆಯ ಮೇಲೆ ಮೂರೆಳೆ ವಿಭೂತಿ, ಕಡುಬೇಸಗೆಯಲ್ಲೂ ಮೈ ಬಿಡದ ಕಂದು ಬಣ್ಣದ ಕೋಟು. ಆ ಕೋಟನ್ನು ಅವರು ಚಳಿಗಾಗಿ ತೊಡುತ್ತಿರಲಿಲ್ಲ, ಜೇಬಿಗಾಗಿ ತೊಡುತ್ತಿದ್ದರು. ಒಳಜೇಬಿನಲ್ಲಿ ಕೆಂಪು ಅರಗಿನ ಕಡ್ಡಿ, ಗಿಡ್ಡದೊಂದು ಮೇಣದಬತ್ತಿ, ಬೆಂಕಿಪೊಟ್ಟಣ, ಸುತ್ತಿಟ್ಟ ಹುರಿ, ತಮ್ಮ ಹೆಸರಿನ ಮೊದಲಕ್ಷರ ಕೊರೆಸಿದ ಹಿತ್ತಾಳೆಯ ಮುದ್ರೆ ಸದಾ ಇರಬೇಕು. ಉಪ್ಪಿನಕಾಯಿಯ ಭರಣಿಯಿಂದ ಹಿಡಿದು ಹೊಲದ ಪತ್ರವಿಟ್ಟ ಟ್ರಂಕಿನವರೆಗೆ, ಕಟ್ಟಬಹುದಾದದ್ದನ್ನೆಲ್ಲ ಕಟ್ಟಿ, ಗಂಟಿನ ಮೇಲೆ ಅರಗು ಕರಗಿಸಿ ಮುದ್ರೆಯೊತ್ತುವುದು ಅವರಿಗೆ ಲಿಂಗಪೂಜೆಯಷ್ಟೇ ನಿಯಮದ ಕೆಲಸ. ಒಮ್ಮೆ ಬೀಗರ ಮನೆಗೆ ಕಳಿಸಿದ ಸಜ್ಜಪ್ಪದ ಡಬ್ಬಿಗೂ ಮುದ್ರೆ ಹಾಕಿಬಿಟ್ಟರು. ಒಳಗೆ ಏನೋ ಅಮೂಲ್ಯವಾದದ್ದನ್ನು ಜೋಪಾನಕ್ಕೆ ಕೊಟ್ಟಿದ್ದಾರೆಂದು ಬೀಗರು ಅದನ್ನು ಒಡೆಯಲು ಹೆದರಿ ದೇವರ ಕೋಣೆಯಲ್ಲಿಟ್ಟರು, ಸಜ್ಜಪ್ಪ ಅಲ್ಲೇ ಬೂಷ್ಟು ಹಿಡಿಯಿತು.

ಮಾತು ಕಡಮೆ. ಯಾರು ಏನೇ ಹೇಳಲಿ, ತಲೆಯನ್ನು ಎಡಕ್ಕೆ ವಾಲಿಸಿ, ಕಣ್ಣು ಕಿರಿದು ಮಾಡಿ, ‘ಹಂಗಂತೀರಾ?’ ಎನ್ನುವರು. ಮಳೆ ಬಂತು ಎಂದರೂ ಹಂಗಂತೀರಾ, ನಿಮ್ಮ ಮಗ ಪಾಸಾದ ಎಂದರೂ ಹಂಗಂತೀರಾ. ಆ ಮಾತಿನಲ್ಲಿ ಒರಟುತನವಿರಲಿಲ್ಲ, ಬೈಗುಳವಂತೂ ಇರಲೇ ಇಲ್ಲ. ಆದರೂ ಅದನ್ನು ಕೇಳಿಸಿಕೊಂಡವನಿಗೆ ತಾನು ಹೇಳಿದ್ದು ನಿಜವೇ ಹೌದೋ ಎಂದು ತನ್ನ ಮೇಲೆಯೇ ಶಂಕೆ ಹುಟ್ಟಿ, ಇನ್ನೊಂದು ಸಲ ಆಕಾಶ ನೋಡುವಂತಾಗುತ್ತಿತ್ತು.

ಹುಟ್ಟಿದಾಗಲೇ ಯಾರೂ ಹೀಗಿರುವುದಿಲ್ಲ. ಮಾಗಡಿಯ ಒಂದು ಸಹಕಾರ ಸಂಘದ ಉಗ್ರಾಣವನ್ನು ಇಪ್ಪತ್ತೆಂಟು ವರ್ಷ ಕಾಯ್ದವರು ಚನ್ನಲಿಂಗಪ್ಪನವರು. ಸೇರಿದ ಎರಡನೆಯ ವರ್ಷದಲ್ಲೇ ಸಕ್ಕರೆ ಮೂಟೆಯೊಂದರ ಬಾಯಿಯನ್ನು ನೋಡುತ್ತಾ ನಿಂತುಬಿಟ್ಟರಂತೆ. ಹುರಿ ಬಿಗಿಯಾಗಿತ್ತು, ಗಂಟು ನೆಟ್ಟಗಿತ್ತು, ಎಲ್ಲರ ಕಣ್ಣಿಗೂ ಎಲ್ಲ ಸರಿಯಾಗಿತ್ತು. ಇವರ ಕಣ್ಣಿಗೆ ಮಾತ್ರ ಹುರಿ ಕೂತಿದ್ದ ಜಾಗದ ಪಕ್ಕದಲ್ಲಿ ಗೋಣಿಯ ಮೇಲೆ ಇನ್ನೊಂದು ಹಳೆಯ ಗೆರೆ ಕಂಡಿತು. ಒಮ್ಮೆ ಕಟ್ಟಿದ ಹುರಿ ಒಂದೇ ಗೆರೆ ಬಿಡುತ್ತದೆ. ಎರಡು ಗೆರೆ ಇದ್ದರೆ ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದಾರೆ ಎಂದೇ ಅರ್ಥ. ಬಿಚ್ಚಿಸಿ ನೋಡಿದಾಗ ಮೂಟೆಯ ನಡುವೆ ಮರಳಿತ್ತು. ಎಲ್ಲರಿಗೂ ಪ್ರೀತಿಪಾತ್ರನಾಗಿದ್ದ, ಚನ್ನಲಿಂಗಪ್ಪನವರ ಜೊತೆ ದಿನವೂ ಊಟದ ಡಬ್ಬಿ ಹಂಚಿಕೊಳ್ಳುತ್ತಿದ್ದ ಗುಮಾಸ್ತನೇ ಸಿಕ್ಕಿಬಿದ್ದ. ಅಂದಿನಿಂದ ಸಂಘದವರು ಇವರನ್ನು ಕೊಂಡಾಡಿದರು, ಇವರು ಮಾತ್ರ ಯಾರ ಡಬ್ಬಿಗೂ ಕೈಹಾಕಲಿಲ್ಲ. ಅನುಮಾನ ಸುಳ್ಳಾದರೆ ಮನುಷ್ಯ ನಾಚಿಕೊಂಡು ಸುಮ್ಮನಾಗುತ್ತಾನೆ. ಇವರದು ಮೊದಲ ಸಲಕ್ಕೇ ನಿಜವಾಗಿಹೋಯಿತು, ಅದೇ ಅವರ ದುರದೃಷ್ಟ.

ರಾಮನಗರ ಜಿಲ್ಲೆಯಾದ ಮರುವರ್ಷ, ಎರಡು ಸಾವಿರದ ಎಂಟರ ಏಪ್ರಿಲ್ ತಿಂಗಳಿನಲ್ಲಿ, ಈ ಚನ್ನಲಿಂಗಪ್ಪನವರು ಮನೆ ಬದಲಿಸಬೇಕಾಗಿ ಬಂತು. ಮಗ ರುದ್ರಪ್ರಸಾದ್ ಮೈಸೂರು ರಸ್ತೆಯ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಮಾಗಡಿಯಿಂದ ದಿನವೂ ಬಸ್ಸಿನಲ್ಲಿ ಹೋಗಿಬಂದು ಸುಸ್ತಾಗಿ, ರಾಮನಗರದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದ. ನಿನ್ನೆ ಮೊನ್ನೆಯವರೆಗೆ ಹಿಪ್ಪುನೇರಳೆ ತೋಟವಾಗಿದ್ದ ಜಾಗ ಅದು. ಈಗ ಬೀದಿಯ ತುಂಬ ಎಲ್ಲೆಲ್ಲಿಂದಲೋ ಬಂದ ಕಾರ್ಖಾನೆಯ ಕೆಲಸಗಾರರು, ಬಾಡಿಗೆಯ ಕೋಣೆಗಳು, ಹೆಸರು ಗೊತ್ತಿಲ್ಲದ ಮುಖಗಳು. ಗೃಹಪ್ರವೇಶದ ದಿನ ಚನ್ನಲಿಂಗಪ್ಪನವರು ಪೂಜೆಗಿಂತ ಹೆಚ್ಚಾಗಿ ಕಿಟಕಿಯ ಸರಳುಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿದರು.

ಸಾಮಾನು ಸಾಗಿಸಲು ಬೆಂಗಳೂರಿನಿಂದ ಕಂಪನಿಯವರನ್ನು ಕರೆಸೋಣವೆಂದು ಮಗ ಹೇಳಿದ. ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಒಂದು ಗೀರೂ ಬೀಳದ ಹಾಗೆ ತಂದಿಳಿಸುತ್ತಾರೆ ಎಂದು ವಿವರಿಸಿದ.

‘ಹಂಗಂತೀರಾ?’ ಎಂದರು ಚನ್ನಲಿಂಗಪ್ಪನವರು. ಮಗನನ್ನೂ ಅವರು ಇಂಥ ಹೊತ್ತಿನಲ್ಲಿ ಬಹುವಚನದಲ್ಲಿಯೇ ಮಾತನಾಡಿಸುವುದು. ‘ಅಷ್ಟು ಚೆನ್ನಾಗಿ ಮುಚ್ಚೋರಿಗೆ ಅಷ್ಟೇ ಚೆನ್ನಾಗಿ ತೆಗೆಯಾಕೂ ಬತ್ತದೆ. ಬ್ಯಾಡ. ನಾನೇ ಕಟ್ತೀನಿ.’

ಕಟ್ಟಿದರು. ಹದಿನೈದು ದಿನ ಕಟ್ಟಿದರು. ಕುರ್ಚಿಯ ಕಾಲುಗಳಿಗೆ ಹಳೆಯ ಪಂಚೆ, ಕನ್ನಡಿಯ ಎರಡು ಕಡೆಗೂ ಹಾಸಿಗೆ, ಬೀರುವಿನ ಮೂಲೆಗಳಿಗೆ ಹುಲ್ಲು ತುಂಬಿದ ಗೋಣಿ, ಮೇಜಿನ ಸೆಳೆಖಾನೆಗಳು ಜಾರದಂತೆ ಅಡ್ಡಹುರಿ. ಯಾರಾದರೂ ಬದಲಾಯಿಸಿಯಾರೆಂದು ಪ್ರತಿ ಕುರ್ಚಿಯ ತಳದಲ್ಲಿ ಮೊಳೆಯಿಂದ ಗುಟ್ಟಾದ ಗುರುತು. ಪ್ರತಿ ಗಂಟಿನ ಮೇಲೂ ಅರಗು, ಅರಗಿನ ಮೇಲೆ ‘ಚ’. ಮನೆಯ ತುಂಬ ಅರಗಿನ ಹೊಗೆ ಆಡಿ ವಿಮಲಮ್ಮನವರಿಗೆ ಕೆಮ್ಮು ಹತ್ತಿತು. ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಹೇಳಿದ್ದು ಒಂದೇ ಮಾತು: ‘ಏನಾದ್ರೂ ಮಾಡ್ಕಳಿ. ನನ್ ಮಂಚ ಒಂದು ನೆಟ್ಟಗೆ ಬರ್ಲಿ. ನಾನಿನ್ನೇನೂ ಕೇಳಾಕಿಲ್ಲ.’

ಆ ಮಂಚ ವಿಮಲಮ್ಮನವರ ತವರಿನ ಉಡುಗೊರೆ. ಚನ್ನಪಟ್ಟಣದಲ್ಲಿ ಕಡೆಸಿ, ಹಳದಿ ಕೆಂಪು ಹಸಿರು ಪಟ್ಟೆಗಳ ಅರಗಿನ ಬಣ್ಣ ಹಾಕಿಸಿದ ನಾಲ್ಕು ದಪ್ಪ ಕಾಲುಗಳು. ಮೂವತ್ತೊಂದು ವರ್ಷವಾದರೂ ಮುಖ ಕಾಣುವ ಹೊಳಪು. ರುದ್ರಪ್ರಸಾದ್ ಹುಟ್ಟಿದ್ದು ಅದರ ಮೇಲೆ. ಹುಟ್ಟಿ ಹನ್ನೊಂದು ದಿನಕ್ಕೆ ತೀರಿಕೊಂಡ ಹೆಣ್ಣುಮಗುವನ್ನು ಕೊನೆಯ ಸಲ ಮಲಗಿಸಿದ್ದೂ ಅದರ ಮೇಲೆಯೇ. ಇದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಮಂಚದ ಕಾಲನ್ನು ವಿಮಲಮ್ಮ ವಾರಕ್ಕೊಮ್ಮೆ ಒರೆಸುವ ರೀತಿಯಲ್ಲೇ ಎಲ್ಲರಿಗೂ ತಿಳಿಯುತ್ತಿತ್ತು.

ಆ ಕಾಲುಗಳನ್ನು ಕಡೆದದ್ದು ಚನ್ನಪಟ್ಟಣದ ಮುಕ್ತಿಯಾರರ ತಂದೆ. ಬಣ್ಣ ಹಾಕಿದ್ದು ಆಗಿನ್ನೂ ಮೀಸೆ ಮೂಡುತ್ತಿದ್ದ ಮುಕ್ತಿಯಾರ್. ಮಂಚದ ಕೀಲುಗಳೊಳಗೆ ಹೊರಗೆ ಕಾಣದ ಬೆಣೆಗಳಿದ್ದವು, ಅವನ್ನು ಯಾವ ಕಡೆಯಿಂದ ತಟ್ಟಿದರೆ ಸಡಿಲವಾಗುತ್ತವೆಂಬುದು ಆ ಮನೆತನದವರಿಗೆ ಮಾತ್ರ ಗೊತ್ತು. ಆದ್ದರಿಂದ ಸುಣ್ಣ ಬಳಿಯುವಾಗಲೆಲ್ಲ ಮುಕ್ತಿಯಾರರಿಗೇ ಹೇಳಿಕಳಿಸುವುದು. ಅವರು ಬಂದು ಬಿಚ್ಚಿ, ಜೋಡಿಸಿ, ಕೂಲಿಯ ಮಾತೆತ್ತಿದರೆ ಕಿವಿ ಮುಚ್ಚಿಕೊಂಡು, ವಿಮಲಮ್ಮನವರು ಕೊಟ್ಟ ಕಾಫಿ ಕುಡಿದು ಹೋಗುವರು. ಅವರು ಬಂದಾಗ ಚನ್ನಲಿಂಗಪ್ಪನವರು ಪಕ್ಕದಲ್ಲೇ ಕೈಕಟ್ಟಿ ನಿಂತಿರುವರು. ಅದು ತಮ್ಮ ಕೆಲಸದ ಮೇಲಿನ ಆಸಕ್ತಿಯೆಂದು ಮುಕ್ತಿಯಾರ್ ತಿಳಿದಿದ್ದರು, ಹಾಗೆ ತಿಳಿದೇ ಪ್ರತಿ ಸಲವೂ ಮರದ ಗುಣ, ಬಣ್ಣದ ಗುಣ ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದರು.

ಹೊರಡುವ ದಿನ ಬೆಳಿಗ್ಗೆ ಮಂಚ ಬಿಚ್ಚಿದ ಮೇಲೆ ಮುಕ್ತಿಯಾರ್ ವಿಮಲಮ್ಮನವರನ್ನು ಎರಡು ಹಳೆಯ ಹತ್ತಿ ಸೀರೆ ಕೇಳಿದರು. ಚನ್ನಲಿಂಗಪ್ಪನವರು ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ತೊಳೆದು ಒಣಗಿಸಿ ಸಿದ್ಧವಾಗಿಟ್ಟುಕೊಂಡಿದ್ದರು.

‘ಪ್ಲಾಸ್ಟಿಕ್ ಬ್ಯಾಡ ಯಜಮಾನ್ರೆ,’ ಎಂದರು ಮುಕ್ತಿಯಾರ್. ‘ಅರಗು ಬಿಸಿಗೇ ಹತ್ತೋದು, ಬಿಸಿಗೇ ಬುಡೋದು. ಬಿಸ್ಲು ಜಾಸ್ತಿ ಐತೆ. ಹತ್ತಿ ಬಟ್ಟೇಲಿ ಸಡ್ಲಾಗಿ ಸುತ್ತಿ, ಒಸಿ ಗಾಳಿ ಆಡ್ಲಿ.’

‘ಹಂಗಂತೀರಾ?’

ಸಡಿಲ ಎಂಬ ಒಂದು ಶಬ್ದ ಚನ್ನಲಿಂಗಪ್ಪನವರ ಕಿವಿಯಲ್ಲಿ ಮುಳ್ಳಿನಂತೆ ನಿಂತಿತು. ಸಡಿಲವಾಗಿ ಕಟ್ಟಿ ಎಂದು ಹೇಳುವವನಿಗೆ ಅದರಿಂದೇನು ಅನುಕೂಲ? ಹಳೆಯ ಅರಗಿನ ಸಾಮಾನಿಗೆ ಬೆಂಗಳೂರಿನಲ್ಲಿ ಗಿರಾಕಿಗಳಿದ್ದಾರೆ ಎಂದು ಹೋದ ದೀಪಾವಳಿಯಲ್ಲಿ ಇದೇ ಮುಕ್ತಿಯಾರ್ ಅಲ್ಲವೇ ಹೇಳಿದ್ದು? ಇಂಥದೇ ಹೊಸ ಕಾಲನ್ನು ಎರಡು ದಿನದಲ್ಲಿ ಕಡೆಯಬಲ್ಲವನು ಇವನಲ್ಲದೆ ಇನ್ನಾರು? ಮೂವತ್ತೊಂದು ವರ್ಷ ಕೂಲಿ ತೆಗೆದುಕೊಳ್ಳದೆ ಬಂದು ಹೋದದ್ದಾದರೂ ಏತಕ್ಕೆ? ಉಗ್ರಾಣದ ಗುಮಾಸ್ತನೂ ಊಟದ ಡಬ್ಬಿ ಹಂಚಿಕೊಂಡವನೇ. ನಾಲ್ಕು ಕಾಲಿಗೂ ಎರಡೆರಡು ಪದರ ಪ್ಲಾಸ್ಟಿಕ್ ಚೀಲ ಸುತ್ತಿ, ಮೊಣಕಾಲೂರಿ ಹುರಿ ಬಿಗಿದು, ಮುದ್ರೆಯೊತ್ತಿದರು. ಮುಕ್ತಿಯಾರ್ ಸೀರೆಗಳನ್ನು ಮಡಿಸಿ ವಿಮಲಮ್ಮನವರ ಕೈಗೆ ವಾಪಸು ಕೊಟ್ಟರು.

ತಾಯಿ ಮಗ ಮೊದಲೇ ಬಸ್ಸಿನಲ್ಲಿ ಹೋದರು. ಲಾರಿಯ ಮುಂದೆ ಚಾಲಕ ಚಿಕ್ಕಹನುಮಯ್ಯನ ಪಕ್ಕ ಚನ್ನಲಿಂಗಪ್ಪನವರು. ಹಿಂದೆ, ಸಾಮಾನು ಅಲುಗದಂತೆ ಹಿಡಿದು ಕೂತವರು ಮುಕ್ತಿಯಾರ್. ದಾರಿಯುದ್ದಕ್ಕೂ ಚನ್ನಲಿಂಗಪ್ಪನವರ ಕುತ್ತಿಗೆ ಕಿಟಕಿಯ ಹೊರಗೇ ಇತ್ತು. ಕೂಟಗಲ್ ಹತ್ತಿರ ಬಂದಾಗ ಚಕ್ರ ಪಂಕ್ಚರ್ ಆಯಿತು. ಚಿಕ್ಕಹನುಮಯ್ಯ ಲಾರಿಯನ್ನು ಮೆಲ್ಲಗೆ ಉರುಳಿಸಿಕೊಂಡು ದೊಡ್ಡದೊಂದು ಹುಣಸೆಮರದ ನೆರಳಿಗೆ ತಿರುಗಿಸಿದ. ಮರದ ಕೆಳಗೆ ಎಳನೀರಿನ ಅಂಗಡಿ, ಅಂಗಡಿಯ ಮುಂದೆ ಏಳೆಂಟು ಜನ.

‘ಅಲ್ಲಿ ಬ್ಯಾಡ, ಬಯಲಲ್ಲಿ ನಿಲ್ಸು,’ ಎಂದರು ಚನ್ನಲಿಂಗಪ್ಪನವರು.

‘ಬಿಸ್ಲಲ್ಲಿ ಏನೈತೆ ಯಜಮಾನ್ರೆ?’

‘ಏನೂ ಇಲ್ಲ. ಅದಕ್ಕೇ ಅಲ್ಲಿ ನಿಲ್ಸು ಅಂದಿದ್ದು.’

ಚಿಕ್ಕಹನುಮಯ್ಯ ಚಕ್ರ ಬಿಚ್ಚಿಕೊಂಡು ಹೋದವನು ಬರಲು ಎರಡೂವರೆ ಗಂಟೆ ಹಿಡಿಯಿತು. ಲಾರಿ ಏಪ್ರಿಲ್ ಬಿಸಿಲಿನಲ್ಲಿ ಕಾದ ಹಂಚಾಯಿತು. ಕೋಟಿನೊಳಗೆ ಬೆವರು ಹರಿಯುತ್ತಿದ್ದರೂ ಚನ್ನಲಿಂಗಪ್ಪನವರು ಕದಲಲಿಲ್ಲ. ಒಂದೇ ಒಂದು ಸಲ, ತಡವಾಗುವುದೆಂದು ಮಗನಿಗೆ ತಿಳಿಸಲು ಅಂಗಡಿಯ ಫೋನಿಗೆ ಹೋದರು. ಹತ್ತು ನಿಮಿಷ. ಹಿಂದಿರುಗಿ ನೋಡಿದರೆ ಮುಕ್ತಿಯಾರರ ಎರಡು ಕೈಯೂ ಮಂಚದ ಕಾಲಿನ ಗಂಟಿನ ಮೇಲಿದ್ದವು.

‘ಏನ್ ಮಾಡ್ತಿದ್ದೀರಿ ಸಾಬ್ರೇ?’

‘ಸುಡ್ತಾ ಐತೆ ಯಜಮಾನ್ರೆ. ನನ್ ಟವಲ್ ನೆನೆಸಿ ಮೇಲೆ ಹಾಕ್ದೆ.’

‘ಹಂಗಂತೀರಾ?’

ಅಲ್ಲಿಂದ ರಾಮನಗರದವರೆಗೆ ಅವರು ಆ ಹತ್ತು ನಿಮಿಷವನ್ನೇ ತಿರುವಿ ಹಾಕಿದರು. ಹತ್ತು ನಿಮಿಷದಲ್ಲಿ ಒಂದು ಗಂಟು ಬಿಚ್ಚಬಹುದು, ಕಟ್ಟಬಹುದು. ಎಳನೀರಿನ ಅಂಗಡಿಯಲ್ಲಿ ಕೂತಿದ್ದವರಲ್ಲಿ ಒಬ್ಬ ಸೈಕಲ್ಲಿನ ಹಿಂದೆ ಉದ್ದನೆಯ ಗೋಣಿಮೂಟೆ ಇಟ್ಟುಕೊಂಡಿದ್ದ. ಆ ಮೂಟೆಯೊಳಗೆ ಏನಿತ್ತು? ಚಕ್ರ ಕೂಟಗಲ್ಲಿನಲ್ಲೇ ಏಕೆ ಪಂಕ್ಚರ್ ಆಗಬೇಕಿತ್ತು? ಅನುಮಾನ ಹೊಕ್ಕ ತಲೆಗೆ ಎಲ್ಲವೂ ಒಂದಕ್ಕೊಂದು ಹೊಂದಿಕೊಳ್ಳುತ್ತದೆ, ಹೊಂದದೆ ಉಳಿಯುವುದು ಏನೂ ಇರುವುದಿಲ್ಲ.

ಹೊಸ ಮನೆಯ ಮುಂದೆ ಲಾರಿ ನಿಂತಿತು. ಎದುರು ಕೋಣೆಗಳ ಕೆಲಸಗಾರರು ಪಾಳಿ ಮುಗಿಸಿ ಬಂದು ಹೊಸ ನೆರೆಯವರನ್ನು ನೋಡುತ್ತಾ ನಿಂತಿದ್ದರು. ಚನ್ನಲಿಂಗಪ್ಪನವರು ಏಣಿ ಹತ್ತಿ ಮುದ್ರೆಗಳನ್ನು ಪರೀಕ್ಷಿಸಿದರು. ಒಳಗಡೆ ಹಾಸಿಗೆಯ ಮರೆಯಲ್ಲಿದ್ದ ಬೀರುವಿನ ಮುದ್ರೆ ಸರಿ. ಮೇಜಿನದು ಸರಿ. ಮೇಲುಗಡೆ ಇದ್ದ ಮಂಚದ ಕಾಲಿನ ಗಂಟಿಗೆ ಬಂದರು. ಅರಗು ಇತ್ತು, ‘ಚ’ ಇರಲಿಲ್ಲ. ಅಕ್ಷರವಿದ್ದ ಜಾಗ ಚಪ್ಪಟೆಯಾಗಿ, ಒರಟಾಗಿ, ಯಾರೋ ಅವಸರದಲ್ಲಿ ಒತ್ತಿ ಮುಚ್ಚಿದ ಹಾಗಿತ್ತು.

ಅವರು ದನಿಯೆತ್ತಲಿಲ್ಲ. ದನಿಯೆತ್ತಿದ್ದರೆ ಸಿಟ್ಟೆಂದು ಮರೆತುಬಿಡಬಹುದಾಗಿತ್ತು. ಉಗ್ರಾಣದಲ್ಲಿ ವರದಿ ಓದುವವರ ಹಾಗೆ, ಬೀದಿಗೆಲ್ಲ ಕೇಳುವಂತೆ, ಒಂದೊಂದೇ ಶಬ್ದ ಬಿಡಿಸಿ ಹೇಳಿದರು: ‘ಈ ಗಂಟು ಬಿಚ್ಚಿ ಕಟ್ಟವ್ರೆ. ನಾನಿಲ್ದೇ ಇದ್ದಾಗ ಇದರ ಹತ್ರ ಇದ್ದೋರು ನೀವೊಬ್ರೇ ಸಾಬ್ರೇ. ಕಾಲು ಅವೇನಾ, ಬ್ಯಾರೆವಾ?’

ರುದ್ರಪ್ರಸಾದ್ ‘ಅಪ್ಪಾಜಿ’ ಎಂದು ಕೈಹಿಡಿದ. ವಿಮಲಮ್ಮ ಹೊಸ್ತಿಲಿಗೆ ಬಂದು ನಿಂತರು. ಮುಕ್ತಿಯಾರರ ಮುಖದಲ್ಲಿ ಮೊದಲು ನಗೆಯೇ ಬಂತು, ತಮಾಷೆಯೆಂದುಕೊಂಡಿದ್ದರು. ಯಜಮಾನರು ತಮಾಷೆ ಮಾಡುವವರಲ್ಲವೆಂಬುದು ಆಮೇಲೆ ನೆನಪಾಯಿತೋ ಏನೋ, ನಗೆ ಅಲ್ಲೇ ಇಂಗಿತು. ಆ ಕಾಲನ್ನು ಜಗಲಿಯ ಮೇಲೆ ಇಳಿಸಿ, ಹುರಿಯನ್ನು ಬಿಚ್ಚದೆ ಚಾಕುವಿನಿಂದ ಕೊಯ್ದು, ಚೀಲವನ್ನು ಮೆಲ್ಲಗೆ ಎಳೆದರು. ಚೀಲ ಬರಲಿಲ್ಲ. ಗಾಯಕ್ಕಂಟಿದ ಬಟ್ಟೆಯನ್ನು ಬಿಡಿಸುವವರ ಹಾಗೆ ಇಂಚಿಂಚೇ ಸುಲಿದಾಗ ಚರಚರ ಸದ್ದಾಯಿತು. ಹೊಳಪೆಲ್ಲ ಹೋಗಿ, ಬಣ್ಣದ ಮೇಲೆ ಚೀಲದ ನೇಯ್ಗೆ ಎಳೆ ಎಳೆಯಾಗಿ ಅಚ್ಚಾಗಿತ್ತು. ಅದರ ನಡುವೆ, ಹುರಿ ಬಿಗಿದಿದ್ದಲ್ಲಿ, ಉಗುರು ಕೂರುವಷ್ಟು ಆಳದ ಗೆರೆ ಕಾಲನ್ನು ಸುತ್ತಿ ಬಂದಿತ್ತು.

‘ನೋಡಿ ಯಜಮಾನ್ರೆ,’ ಎಂದರು ಮುಕ್ತಿಯಾರ್. ‘ಎಷ್ಟು ಗೆರೆ ಐತೆ?’

ಚನ್ನಲಿಂಗಪ್ಪನವರು ಬಗ್ಗಿದರು. ಕನ್ನಡಕ ಹಾಕಿಕೊಂಡರು. ಕಾಲನ್ನು ಒಂದು ಸುತ್ತು ತಿರುಗಿಸಿದರು, ಇನ್ನೊಂದು ಸುತ್ತು ತಿರುಗಿಸಿದರು. ಇಪ್ಪತ್ತೆಂಟು ವರ್ಷ ಯಾವ ವಿದ್ಯೆಯಿಂದ ಅನ್ನ ತಿಂದಿದ್ದರೋ ಆ ವಿದ್ಯೆ ಅವರ ಕಣ್ಣಿನೊಳಗೆ ಎದ್ದು ಕುಳಿತಿತ್ತು, ಅದಕ್ಕೆ ಸುಳ್ಳು ಹೇಳಿಸುವುದು ಅವರಿಂದ ಸಾಧ್ಯವಿರಲಿಲ್ಲ. ಗೆರೆ ಒಂದೇ ಇತ್ತು. ಆ ಗಂಟು ಕಟ್ಟಿದ ಮೇಲೆ ಯಾರೂ ಬಿಚ್ಚಿರಲಿಲ್ಲ. ಒದ್ದೆ ಟವಲಿನ ನೇಯ್ಗೆ ಮೆತ್ತಗಾದ ಮುದ್ರೆಯ ಮೇಲೆ ಕೂತು ‘ಚ’ವನ್ನು ಅಳಿಸಿತ್ತು, ಅಷ್ಟೇ.

ವಿಮಲಮ್ಮನವರು ಬಂದು ಕಾಲಿನ ಮೇಲೆ ಅಂಗೈ ಆಡಿಸಿದರು. ಕನ್ನಡಿಯಂತಿದ್ದುದು ಈಗ ತರಿತರಿ. ‘ಬ್ಯಾರೆಯೋರು ಮುಟ್ಟಬಾರ್ದು ಅಂತಿದ್ರಲ್ಲ,’ ಎಂದರು ಗಂಡನಿಗೆ. ‘ಯಾರೂ ಮುಟ್ಲಿಲ್ಲ ನೋಡಿ.’ ಅಷ್ಟು ಹೇಳಿ ಒಳಗೆ ಹೋದರು. ಅಂದು ಆ ಹೊಸ ಮನೆಯಲ್ಲಿ ಯಾರಿಗೂ ಕಾಫಿ ಸಿಗಲಿಲ್ಲ.

ಮುಕ್ತಿಯಾರ್ ನಾಲ್ಕು ಕಾಲನ್ನೂ ಚನ್ನಪಟ್ಟಣಕ್ಕೆ ಒಯ್ದರು. ಒಯ್ಯುವ ಮುನ್ನ, ಯಾರೂ ಕೇಳದಿದ್ದರೂ, ಒಂದು ಚೀಟಿ ಬರೆಸಿ ರುದ್ರಪ್ರಸಾದನ ರುಜು ಹಾಕಿಸಿಕೊಂಡರು: ಮಂಚದ ಕಾಲು ನಾಲ್ಕು, ಕೊಟ್ಟಿದ್ದೇವೆ. ಎಂಟನೆಯ ದಿನ ಹಿಂದಿರುಗಿದರು. ಹಳೆಯ ಅರಗನ್ನು ಕೆರೆದು, ಹೊಸದಾಗಿ ಬಣ್ಣ ಹತ್ತಿಸಿ, ತಾಳೆಗರಿಯಿಂದ ಉಜ್ಜಿ, ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ತಂದಿದ್ದರು. ಬೆಣೆ ತಟ್ಟಿ ಮಂಚ ನಿಲ್ಲಿಸಿದರು. ಈ ಸಲ ಮರದ ಗುಣವನ್ನು ಹೇಳಲಿಲ್ಲ, ಬಣ್ಣದ ಗುಣವನ್ನೂ ಹೇಳಲಿಲ್ಲ. ವಿಮಲಮ್ಮನವರು ತಂದಿಟ್ಟ ಕಾಫಿ ಆರಿ ಕೆನೆ ಕಟ್ಟಿತು. ಕೆಲಸ ಮುಗಿದ ಮೇಲೆ ಅದೇ ಚೀಟಿಯನ್ನು ಜೇಬಿನಿಂದ ತೆಗೆದು, ನಾಲ್ಕೂ ತಲುಪಿದವು ಎಂದು ಬರೆಸಿಕೊಂಡರು.

ಆ ಎಂಟು ದಿನ ಚನ್ನಲಿಂಗಪ್ಪನವರಿಗೆ ನೆಟ್ಟಗೆ ನಿದ್ರೆಯಿರಲಿಲ್ಲ. ಮಂಚವಿಲ್ಲದ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿ, ಒಂದೇ ಗೆರೆಯನ್ನು ಕಣ್ಣಿನೊಳಗೆ ಸುತ್ತಿಸುತ್ತಾ, ಹೇಳಬೇಕಾದ ಮಾತನ್ನು ಕಟ್ಟಿ ಬಿಚ್ಚಿ ಕಟ್ಟಿದ್ದರು. ಈಗ ಅದನ್ನು ಆಡಿದರು. ‘ಮುಕ್ತಿಯಾರ್, ನಂದು ತಪ್ಪಾಯ್ತು. ನಿಮ್ ಮ್ಯಾಲೆ ನಂಗೆ ನಂಬಿಕೆ ಐತೆ.’

ಮುಕ್ತಿಯಾರ್ ತಲೆಯೆತ್ತಿ ಅವರನ್ನೇ ನೋಡಿದರು. ಅಣಕವಿಲ್ಲ, ಕೋಪವಿಲ್ಲ, ದಣಿದವರ ದನಿ.

‘ಹಂಗಂತೀರಾ ಯಜಮಾನ್ರೆ?’

ಜೀವನದಲ್ಲಿ ಚನ್ನಲಿಂಗಪ್ಪನವರು ಆ ಪ್ರಶ್ನೆಯನ್ನು ಕೇಳಿದ್ದರೇ ಹೊರತು ಕೇಳಿಸಿಕೊಂಡಿರಲಿಲ್ಲ. ಬಾಯಿಯಿಂದ ಆಗದ್ದನ್ನು ಬೆನ್ನಿನಿಂದ ಹೇಳಲು ನಿಶ್ಚಯಿಸಿದರು. ಬೀಳ್ಕೊಡಲು ಎದ್ದವರು ಬಾಗಿಲ ಬಳಿ ಹಿಂದೆ ಸರಿಯಲಿಲ್ಲ, ಕೈ ಚಾಚಲಿಲ್ಲ, ಆ ಸಕ್ಕರೆ ಮೂಟೆಯ ದಿನದಿಂದೀಚೆಗೆ ಮೊದಲ ಸಲ ಇನ್ನೊಬ್ಬ ಮನುಷ್ಯನಿಗೆ ಬೆನ್ನು ಕೊಟ್ಟು ಮುಂದೆ ನಡೆದರು. ನಡುಮನೆ ದಾಟಿದರು, ಹೊಸ್ತಿಲು ದಾಟಿದರು, ಜಗಲಿಯ ಮೆಟ್ಟಿಲಿಳಿದರು. ತಿರುಗಿ ನೋಡಬಾರದೆಂದು ಹಲ್ಲು ಕಚ್ಚಿದ್ದರು. ಹಿಂದಿನಿಂದ ಹೆಜ್ಜೆಯ ಸದ್ದು ಬರಲಿಲ್ಲ. ಕಬ್ಬಿಣ ಕಲ್ಲಿಗೆ ಬಿದ್ದ ಸದ್ದು ಬಂತು.

ತಿರುಗಿದರು. ಮುಕ್ತಿಯಾರ್ ಜಗಲಿಯ ಮೇಲೆ ಮಂಡಿಯೂರಿ ಕೂತು, ತಮ್ಮ ಚೀಲವನ್ನು ತಲೆಕೆಳಗು ಮಾಡಿ ಕೊಡವುತ್ತಿದ್ದರು. ಉಳಿ, ಸುತ್ತಿಗೆ, ಮರಳುಕಾಗದದ ತುಂಡು, ಮಧ್ಯಾಹ್ನದ ಊಟದ ಖಾಲಿ ಡಬ್ಬಿ. ಡಬ್ಬಿಯ ಮುಚ್ಚಳವನ್ನೂ ತೆಗೆದಿಟ್ಟು, ಎದ್ದು ನಿಂತು, ಷರ್ಟಿನ ಜೇಬಿನ ಒಳಮೈಯನ್ನು ಹೊರಗೆಳೆದು ತೋರಿಸಿದರು.

‘ಒಂದ್ಸಲ ನೋಡ್ಕಳಿ ಯಜಮಾನ್ರೆ. ಆಮೇಲೆ ಬ್ಯಾಡ.’

ಚನ್ನಲಿಂಗಪ್ಪನವರು ನೋಡಲಿಲ್ಲ. ನೆಲ ನೋಡಿದರು. ಮುಕ್ತಿಯಾರ್ ಒಂದೊಂದನ್ನೇ ಚೀಲಕ್ಕೆ ತುಂಬಿಕೊಂಡು, ಅವರನ್ನು ಬಳಸಿಕೊಂಡು ಹೋಗಿ, ಗೇಟು ಹಾಕಿಕೊಂಡು ನಡೆದರು. ಮಂಚ ಇಂದಿಗೂ ಆ ಕೋಣೆಯಲ್ಲಿದೆ, ಮೊದಲಿಗಿಂತಲೂ ಹೊಳೆಯುತ್ತದೆ. ಕೋಣೆಗೆ ಎರಡು ಸಲ ಸುಣ್ಣ ಬಳಿಯಬೇಕಾಗಿ ಬಂದಾಗಲೂ ಅದನ್ನು ಬಿಚ್ಚಲಾಗಲಿಲ್ಲ. ಅದು ನಿಂತಲ್ಲೇ ನಿಂತಿರುವುದರಿಂದ, ಹಿಂದಿನ ಗೋಡೆಯಲ್ಲಿ ಮಂಚದಗಲದ ಹಳೆಯ ಬಣ್ಣ ಹಾಗೇ ಉಳಿದಿದೆ.

ಇಂಥವರು ಕೆಟ್ಟವರಲ್ಲ. ಕದಿಯುವುದಿಲ್ಲ, ಮೋಸ ಮಾಡುವುದಿಲ್ಲ, ಕೊಟ್ಟ ವಸ್ತುವನ್ನು ಹತ್ತು ವರ್ಷ ಬಿಟ್ಟು ಕೇಳಿದರೂ ಹಾಗೆಯೇ ಹಿಂತಿರುಗಿಸುತ್ತಾರೆ. ಪ್ರತಿ ಬೀದಿಯಲ್ಲಿಯೂ ಒಬ್ಬರಿರುತ್ತಾರೆ, ಅವರಿರುವುದರಿಂದಲೇ ಬೀದಿ ಒಂದಿಷ್ಟು ಸುರಕ್ಷಿತವಾಗಿಯೂ ಇರುತ್ತದೆ. ಅವರು ಕಾಯ್ದ ಕುರ್ಚಿಯ ಮೇಲೆ ಗೀರಿರುವುದಿಲ್ಲ, ಮೇಜಿನ ಮೇಲೆ ಲೋಟದ ಕಲೆಯಿರುವುದಿಲ್ಲ. ಬಂದು ಕೂತು ಕಾಫಿ ಕುಡಿಯುವವರು ಒಬ್ಬೊಬ್ಬರಾಗಿ ಕಡಮೆಯಾದರೆ ಕಲೆಯಾದರೂ ಎಲ್ಲಿಂದ ಬರಬೇಕು?